ಕೂಡಿ ಬರೆಯುವ ತರಗತಿ

ಹಲವರು ಬೇರೆ ಬೇರೆ ಕಂಪ್ಯೂಟರುಗಳ ಮುಂದೆ ಕುಳಿತು, ಒಂದೇ ಹೊತ್ತಿಗೆ ಒಂದೇ ಪುಟ ತೆರೆದು ಬರೆಯಬಹುದಾದ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದಾದ ಆನ್‌ಲೈನ್ ಸಾಧನಗಳು ಬಳಕೆಗೆ ಬಂದು ಎರಡು ದಶಕಗಳಾದವು. ಗೂಗಲ್ ಡಾಕ್ಸ್, ಮೈಕ್ರೋಸಾಫ್ಟ್ ವರ್ಡ್‌ನ ಆನ್‌ಲೈನ್ ರೂಪ, ಈಥರ್‌ಪ್ಯಾಡ್ ಮತ್ತು ವಿಕಿಗಳು ಈ ಬಗೆಯವು. ಕಚೇರಿಯ ವರದಿ, ಸಂಶೋಧನಾ ಲೇಖನ, ಪತ್ರಿಕೆಯ ಕರಡು ಇಂಥವೆಷ್ಟೋ ಇಂದು ಇವುಗಳಲ್ಲೇ ಸಿದ್ಧವಾಗುತ್ತವೆ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಕರ್ನಾಟಕದ ಅನೇಕ ಶಿಕ್ಷಕರಿಗೂ ಇವುಗಳ ಪರಿಚಯವಾಯಿತು. ಆದರೆ ಆಗ ಹೆಚ್ಚಾಗಿ ನಡೆದದ್ದು ನೋಟ್ಸ್ ಕಳಿಸುವ, ಹೋಂವರ್ಕ್ ತರಿಸಿಕೊಳ್ಳುವ ಕೆಲಸ. ಶಾಲೆ ತೆರೆದ ಮೇಲೆ ಅದು ಮತ್ತೆ ನೋಟ್‌ಬುಕ್ಕಿಗೆ, ವಾಟ್ಸ್ಆ್ಯಪ್ ಗುಂಪಿಗೆ ಮರಳಿತು. ಕೂಡಿ ಬರೆಯುವ ಪಾಠ ಬಹಳ ಕಡೆ ಶುರುವಾಗಲೇ ಇಲ್ಲ.

ಇದರಿಂದ ತಪ್ಪಿಹೋದ ಅವಕಾಶ ದೊಡ್ಡದು. ನಮ್ಮ ಶಾಲೆಗಳಲ್ಲಿ ಪ್ರಬಂಧ ಬರೆಸುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ವಿಷಯ ಕಪ್ಪುಹಲಗೆಯ ಮೇಲೆ ಬರುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗಗಳಲ್ಲಿ ಮಕ್ಕಳು ಬರೆಯುತ್ತಾರೆ, ಎಷ್ಟೋ ಮಕ್ಕಳು ಗೈಡು ನೋಡಿ ಇಳಿಸುತ್ತಾರೆ. ಶಿಕ್ಷಕರು ಕೆಂಪು ಇಂಕಿನಲ್ಲಿ ಕಾಗುಣಿತ ತಿದ್ದಿ ಸಹಿ ಹಾಕುತ್ತಾರೆ. ತಿದ್ದಿದ ಬರಹವನ್ನು ಮಗು ಮತ್ತೆ ಕೈಗೆತ್ತಿಕೊಂಡು ಇನ್ನಷ್ಟು ಚೆನ್ನಾಗಿಸುವ ಸಂದರ್ಭ ಬರುವುದೇ ಅಪರೂಪ. 1981ರಲ್ಲಿ ಅಮೆರಿಕದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ ಬರೆಯುವಾಗ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿವರಿಸುವ ಒಂದು ಮಾದರಿಯನ್ನು ಮುಂದಿಟ್ಟರು. ಯೋಚಿಸಿ ಅಣಿಮಾಡಿಕೊಳ್ಳುವುದು, ಮಾತಿಗಿಳಿಸುವುದು, ಮರಳಿ ಓದಿ ತಿದ್ದುವುದು ಇವು ಒಂದಾದ ಮೇಲೊಂದರಂತೆ ಸಾಲಾಗಿ ಬರುವುದಿಲ್ಲ, ಬರೆಯುವವರು ಇವುಗಳ ನಡುವೆ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತಾರೆ ಎಂಬುದು ಅದರ ತಿರುಳು. ನೋಟ್‌ಬುಕ್ಕಿನಲ್ಲಿ ಶಿಕ್ಷಕರ ಕಣ್ಣಿಗೆ ಬೀಳುವುದು ಈ ಓಡಾಟವೆಲ್ಲ ಮುಗಿದ ಮೇಲೆ ಉಳಿದ ಪ್ರತಿ. ಆನ್‌ಲೈನ್ ಪುಟದಲ್ಲಿ ಓಡಾಟವೇ ಕಾಣುತ್ತದೆ. ಇವುಗಳಿಂದ ತರಗತಿಗೆ ಆಗುವ ಬಹುಪಾಲು ಪ್ರಯೋಜನ ಇಲ್ಲಿಂದಲೇ ಹುಟ್ಟುತ್ತದೆ.

ಕೂಡಿ ಬರೆಯುವ ಕಂಪ್ಯೂಟರಿನ ಕಲ್ಪನೆ ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ತಮ್ಮ ತಂಡ ಕಟ್ಟಿದ್ದ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಮೌಸ್ ಎಂಬುದನ್ನು ಜನ ಮೊದಲು ಕಂಡದ್ದು ಅಂದೇ. ಮೆನ್ಲೋ ಪಾರ್ಕಿನಲ್ಲಿ ಕುಳಿತಿದ್ದ ಸಹೋದ್ಯೋಗಿಯೊಬ್ಬರೊಂದಿಗೆ ಒಂದೇ ಪರದೆಯನ್ನು ಹಂಚಿಕೊಂಡು ಕೆಲಸ ಮಾಡುವುದನ್ನೂ ಅವರು ಅಂದು ತೋರಿಸಿದರು. ಜನಸಾಮಾನ್ಯರ ಕೈಗೆ ಇಂಥ ಸೌಲಭ್ಯ ಬರಲು ಅಂತರಜಾಲ ಹರಡಬೇಕಾಯಿತು. 1995ರ ಮಾರ್ಚಿನಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ತೆರೆದರು. ಓದುವವರೇ ‘ತಿದ್ದು’ ಎಂಬಲ್ಲಿ ಒತ್ತಿ ಪುಟವನ್ನು ಬದಲಿಸಬಹುದಿತ್ತು. ಅದೇ ತತ್ತ್ವದ ಮೇಲೆ 2001ರ ಜನವರಿಯಲ್ಲಿ ವಿಕಿಪೀಡಿಯ ಹುಟ್ಟಿತು, 2003ರಲ್ಲಿ ಅದರ ಕನ್ನಡ ಆವೃತ್ತಿ ಬಂತು. 2005ರಲ್ಲಿ ಬಂದ ರೈಟ್ಲಿ ಎಂಬ ತಾಣವನ್ನು ಮರುವರ್ಷ ಗೂಗಲ್ ಕೊಂಡುಕೊಂಡಿತು, ಅದೇ ಗೂಗಲ್ ಡಾಕ್ಸ್‌ಗೆ ಬುನಾದಿಯಾಯಿತು. 2008ರಲ್ಲಿ ಬಂದ ಈಥರ್‌ಪ್ಯಾಡ್‌ನಲ್ಲಿ ಒಬ್ಬರು ಒತ್ತಿದ ಅಕ್ಷರ ಆ ಕ್ಷಣವೇ ಉಳಿದವರ ಪರದೆಯಲ್ಲಿ, ಬರೆದವರ ಬಣ್ಣ ಹೊತ್ತು ಮೂಡುತ್ತಿತ್ತು.

ಒಂದೇ ಸಾಲನ್ನು ಇಬ್ಬರು ಒಟ್ಟಿಗೆ ತಿದ್ದಿದರೂ ಅದು ಕಲಸಿಹೋಗದಿರುವುದು ಹೇಗೆ ಎಂಬ ಪ್ರಶ್ನೆಯನ್ನು ಮಕ್ಕಳೂ ಕೇಳುತ್ತಾರೆ. ‘ಕೆರೆ ತುಂಬಿದೆ’ ಎಂಬ ಸಾಲನ್ನೇ ತೆಗೆದುಕೊಳ್ಳಬಹುದು. ಕಣ್ಣಿಗೆ ಇಲ್ಲಿ ಐದು ಅಕ್ಷರ, ಒಂದು ಖಾಲಿ ಜಾಗ. ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಎಲ್ಲವೂ ಬೇರೆ ಬೇರೆ ಸಂಕೇತಗಳಾದ್ದರಿಂದ ಈ ಸಾಲಿನ ಉದ್ದ 12. ಒಬ್ಬಳು ಸಾಲಿನ ಮೊದಲಿಗೆ ‘ನಮ್ಮ’ ಎಂದು ಸೇರಿಸುತ್ತಾಳೆ. ಖಾಲಿ ಜಾಗವೂ ಸೇರಿ ಅದು 5 ಸಂಕೇತ. ಅದೇ ಗಳಿಗೆಯಲ್ಲಿ ಇನ್ನೊಬ್ಬ 12ನೆಯ ಸ್ಥಾನದ ಮುಂದೆ ‘, ಕೋಡಿ ಬಿದ್ದಿದೆ’ ಎಂದು ಸೇರಿಸುತ್ತಾನೆ. ಅವನ ಆದೇಶವನ್ನು ಇದ್ದಂತೆಯೇ ನಡೆಸಿದರೆ ಮಾತು ನಡುವೆ ಸಿಕ್ಕಿಕೊಂಡು ಸಾಲು ಕೆಡುತ್ತದೆ. ಮೊದಲಿಗೆ 5 ಸಂಕೇತ ಬಂದಿರುವುದನ್ನು ಗಮನಿಸಿ ಸರ್ವರ್ ಆ 12ನ್ನು 17 ಮಾಡಿ ನಡೆಸುತ್ತದೆ. 1989ರಲ್ಲಿ ಎಲ್ಲಿಸ್ ಮತ್ತು ಗಿಬ್ಸ್ ಎಂಬ ವಿಜ್ಞಾನಿಗಳು ವಿವರಿಸಿದ ಈ ಉಪಾಯದ ಬೆಳೆದ ರೂಪವನ್ನೇ ಗೂಗಲ್ ಡಾಕ್ಸ್ ಬಳಸುತ್ತದೆ. ವಿಕಿಯ ದಾರಿ ಬೇರೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರತಿಯನ್ನು ತಿದ್ದಿ ಕೊನೆಗೆ ‘ಉಳಿಸು’ ಒತ್ತುತ್ತಾರೆ, ಅಷ್ಟರಲ್ಲಿ ಬೇರೆಯವರು ಅದೇ ಭಾಗವನ್ನು ಬದಲಿಸಿದ್ದರೆ ತಂತ್ರಾಂಶ ಎರಡನ್ನೂ ತೋರಿಸಿ ಹೊಂದಿಸಲು ಕೇಳುತ್ತದೆ. ಹಾಗಾಗಿ ಒಂದು ಪೀರಿಯಡ್ಡಿನ ಗುಂಪು ಬರವಣಿಗೆಗೆ ಡಾಕ್ಸ್ ಅಥವಾ ಈಥರ್‌ಪ್ಯಾಡ್ ಒಗ್ಗುತ್ತದೆ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುವ ಬರಹಕ್ಕೆ ವಿಕಿ ಒಗ್ಗುತ್ತದೆ.

ತರಗತಿಯಲ್ಲಿ ಇದು ಹೇಗೆ ನಡೆಯಬಹುದು ಎಂಬುದನ್ನು ಒಂದು ಕೆಲಸದ ಮೂಲಕವೇ ನೋಡುವುದು ಒಳ್ಳೆಯದು. ಒಂಬತ್ತನೆಯ ತರಗತಿಯ ಐದು ಮಕ್ಕಳ ಗುಂಪಿಗೆ ‘ನಮ್ಮೂರ ಕೆರೆ’ ಎಂಬ ವಿಷಯ ಕೊಟ್ಟಿದೆ ಎಂದುಕೊಳ್ಳೋಣ. ಗೈಡಿನಲ್ಲಿ ಉತ್ತರ ಸಿಗದ ವಿಷಯ ಎಂಬುದೇ ಇದರ ಮೊದಲ ಗುಣ. ಸಹಬರವಣಿಗೆಗೆ ಇಂಥದ್ದೇ ಬೇಕು. ‘ಪರಿಸರ ಮಾಲಿನ್ಯ’ ಎಂದು ಕೊಟ್ಟರೆ ಐವರೂ ಐದು ಕಡೆಯಿಂದ ನಕಲು ತಂದು ಅಂಟಿಸುತ್ತಾರೆ. ಮೊದಲ ದಿನ ಪುಟದಲ್ಲಿ ಪ್ರಶ್ನೆಗಳಷ್ಟೇ ಮೂಡುತ್ತವೆ: ಕೆರೆ ಕಟ್ಟಿಸಿದವರು ಯಾರೆಂದು ಊರಲ್ಲಿ ಹೇಳುತ್ತಾರೆ, ತೂಬು ಎಲ್ಲಿದೆ, ಕೊನೆಯ ಸಲ ಕೋಡಿ ಬಿದ್ದದ್ದು ಯಾವಾಗ, ಹೂಳು ತೆಗೆದದ್ದು ಯಾವಾಗ, ನೀರು ಬಿಡುತ್ತಿದ್ದ ನೀರುಗಂಟಿಯ ಮನೆಯವರು ಈಗ ಏನು ಮಾಡುತ್ತಿದ್ದಾರೆ. ಪ್ರಶ್ನೆಗಳ ಎದುರಿಗೆ ಮಕ್ಕಳು ತಮ್ಮ ಹೆಸರು ಬರೆದುಕೊಳ್ಳುತ್ತಾರೆ. ಹಿರಿಯರನ್ನು ಕೇಳಿ ಬಂದ ಉತ್ತರಗಳನ್ನು, ಹೇಳಿದವರ ಮಾತಿನಲ್ಲೇ, ಅದೇ ಪುಟದಲ್ಲಿ ಇಳಿಸುತ್ತಾರೆ. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆಯಾಗದೆ ಹೋದಾಗ ನಿಜವಾದ ಚರ್ಚೆ ಹುಟ್ಟುತ್ತದೆ.

ಕರಡಿನ ಹಂತದಲ್ಲಿ ಒಂದು ಬಲೆ ಇದೆ. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ ಹಂಚಿಬಿಟ್ಟರೆ ಕೊನೆಗೆ ಕೈಸೇರುವುದು ಐದು ಸಣ್ಣ ಪ್ರಬಂಧಗಳ ಕಂತೆ. ಯಾರೂ ಇನ್ನೊಬ್ಬರದನ್ನು ಓದಿರುವುದಿಲ್ಲ. ಇದನ್ನು ತಪ್ಪಿಸಲು ಬರೆದವರು ತಮ್ಮದನ್ನೇ ತಿದ್ದಬಾರದು ಎಂಬ ನಿಯಮ ಸಾಕಾಗುತ್ತದೆ. ಎರಡನೆಯ ದಿನ ಪ್ರತಿಯೊಬ್ಬರೂ ಮುಂದಿನವರ ಪ್ಯಾರಾವನ್ನು ‘ಸಲಹೆ’ ಎಂಬ ಕ್ರಮದಲ್ಲಿ ತಿದ್ದುತ್ತಾರೆ. ಈ ಕ್ರಮದಲ್ಲಿ ಹಳೆಯ ಮಾತು ಅಳಿಯುವುದಿಲ್ಲ. ಅದರ ಮೇಲೆ ಗೆರೆ ಬೀಳುತ್ತದೆ, ಹೊಸದು ಪಕ್ಕದಲ್ಲಿ ಬೇರೆ ಬಣ್ಣದಲ್ಲಿ ಕಾಣುತ್ತದೆ. ಒಪ್ಪುವುದು ಬಿಡುವುದು ಮೂಲ ಬರೆದವರಿಗೆ ಬಿಟ್ಟದ್ದು, ಆದರೆ ಬಿಟ್ಟರೆ ಕಾರಣ ಹೇಳಬೇಕು. ತನ್ನ ಮಾತನ್ನು ಗೆಳತಿ ಯಾಕೆ ಬದಲಿಸಿದಳು ಎಂದು ಯೋಚಿಸುವ ಹುಡುಗ ಆ ಹೊತ್ತಿನಲ್ಲಿ ವ್ಯಾಕರಣವನ್ನೂ ಶೈಲಿಯನ್ನೂ ಒಟ್ಟಿಗೆ ಕಲಿಯುತ್ತಿರುತ್ತಾನೆ. ಕೆಂಪು ಇಂಕಿನ ತಿದ್ದುಪಡಿಗೆ ಈ ಶಕ್ತಿ ಇಲ್ಲ, ಏಕೆಂದರೆ ಅದಕ್ಕೆ ಎದುರು ಹೇಳುವ ಪ್ರಸಂಗವೇ ಬರುವುದಿಲ್ಲ.

ಶಿಕ್ಷಕರ ಪಾತ್ರ ಇಲ್ಲಿ ಅಂಚಿನಲ್ಲಿದ್ದು ಪ್ರಶ್ನೆ ಕೇಳುವವರದು. ‘ಕೆರೆ ಹಾಳಾಗಿದೆ’ ಎಂಬ ಸಾಲಿನ ಪಕ್ಕದ ಕಾಮೆಂಟಿನಲ್ಲಿ ‘ಹಾಳಾಗಿದೆ ಅಂದರೆ ನೀನು ಕಣ್ಣಾರೆ ಕಂಡದ್ದೇನು?’ ಎಂದು ಕೇಳಿದರೆ, ಮುಂದಿನ ಸಲ ಪುಟ ತೆರೆದಾಗ ಅಲ್ಲಿ ಜೊಂಡು, ಪ್ಲಾಸ್ಟಿಕ್ಕು, ಒಡೆದ ಏರಿ ಬಂದು ಕೂತಿರುತ್ತವೆ. ಕಾಗುಣಿತವನ್ನು ಈ ಹಂತದಲ್ಲಿ ಮುಟ್ಟದಿರುವುದೇ ಮೇಲು. ತಪ್ಪು ಎಣಿಸುವ ಕೈ ಮೊದಲೇ ಪುಟಕ್ಕೆ ಬಂತೆಂದರೆ ಮಕ್ಕಳು ತಮಗೆ ಖಚಿತವಾಗಿ ಗೊತ್ತಿರುವ ಸಣ್ಣ ಸಾಲುಗಳಿಗೆ ಅಂಟಿಕೊಳ್ಳುತ್ತಾರೆ. ಕೊನೆಯ ದಿನ ಗುಂಪಿನಲ್ಲಿ ಒಬ್ಬರು ಇಡೀ ಬರಹವನ್ನು ಗಟ್ಟಿಯಾಗಿ ಓದಬೇಕು. ಪರದೆಯಲ್ಲಿ ಕಾಣದ ತೊಡಕುಗಳು, ಐದು ಬಗೆಯ ದನಿಗಳು, ಎರಡು ಸಲ ಬಂದ ಸಂಗತಿಗಳು ಕಿವಿಗೆ ಬೀಳುವುದು ಆಗಲೇ.

ಇಷ್ಟೆಲ್ಲ ಶ್ರಮದಿಂದ ಬರಹ ನಿಜಕ್ಕೂ ಉತ್ತಮವಾಗುತ್ತದೆಯೇ? ಕಂಪ್ಯೂಟರಿನಾಚೆಗೂ ಈ ಪ್ರಶ್ನೆಯನ್ನು ಸಂಶೋಧಕರು ಕೇಳಿಕೊಂಡಿದ್ದಾರೆ. ಆಸ್ಟ್ರೇಲಿಯದ ನಿಯೋಮಿ ಸ್ಟಾರ್ಚ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರು ಜೋಡಿಯಾಗಿ ಬರೆದದ್ದು ಒಬ್ಬೊಬ್ಬರೇ ಬರೆದದ್ದಕ್ಕಿಂತ ಚಿಕ್ಕದಾಗಿತ್ತು, ಆದರೆ ವ್ಯಾಕರಣದಲ್ಲಿ ಹೆಚ್ಚು ಶುದ್ಧವಾಗಿ, ವಿಷಯಕ್ಕೆ ಹೆಚ್ಚು ಹೊಂದಿಕೊಂಡು ಬಂದಿತ್ತು. ಪುಟ ತುಂಬಿಸಿದ್ದಕ್ಕೇ ಅಂಕ ಕೊಡುವ ರೂಢಿಯಿರುವ ಕಡೆ ಈ ಮಾತನ್ನು ಮುಖ್ಯವಾಗಿ ಗಮನಿಸಬೇಕು. ಮನೆಮಾತು ತುಳು, ಕೊಂಕಣಿ, ಉರ್ದು, ಲಂಬಾಣಿ ಆಗಿದ್ದು ಶಾಲೆಯಲ್ಲಿ ಕನ್ನಡ ಬರೆಯುವ ಮಕ್ಕಳು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ಒಂದು ಪದಕ್ಕೆ ತಡಕಾಡುವಾಗ ಪಕ್ಕದವರ ನೆರವು ಸಿಗುವ ಬರವಣಿಗೆ ಅವರಿಗೆ ಇನ್ನೂ ಹೆಚ್ಚು ಬೇಕು.

ಗುಂಪಿನಲ್ಲಿ ಒಬ್ಬರೇ ದುಡಿದು ಉಳಿದವರು ಹೆಸರು ಸೇರಿಸಿಕೊಳ್ಳುವ ಕಾಯಿಲೆ ಎಲ್ಲ ಪ್ರಾಜೆಕ್ಟುಗಳಿಗೂ ಇದೆ. 1979ರಲ್ಲಿ ಬಿಬ್ ಲಟಾನೆ ಮತ್ತು ಸಂಗಡಿಗರು ಜನರಿಗೆ ಗುಂಪಿನಲ್ಲಿ ಚಪ್ಪಾಳೆ ತಟ್ಟಲು, ಕೂಗಲು ಹೇಳಿ, ಗುಂಪು ದೊಡ್ಡದಾದಂತೆ ಒಬ್ಬೊಬ್ಬರ ಶ್ರಮ ಇಳಿಯುವುದನ್ನು ಅಳೆದು ತೋರಿಸಿದರು. ತನ್ನ ಪಾಲು ಬೇರೆಯಾಗಿ ಗುರುತಾಗುತ್ತದೆ ಎಂದು ಗೊತ್ತಿದ್ದಾಗ ಈ ಇಳಿಕೆ ತಗ್ಗುತ್ತದೆ ಎಂಬುದೂ ಮುಂದಿನ ಪ್ರಯೋಗಗಳಲ್ಲಿ ಕಂಡಿತು. ಡಾಕ್ಸ್‌ನ ‘ಆವೃತ್ತಿ ಇತಿಹಾಸ’, ವಿಕಿಯ ‘ಇತಿಹಾಸ’, ಈಥರ್‌ಪ್ಯಾಡ್‌ನಲ್ಲಿ ಬರಹವನ್ನು ಮೊದಲಿಂದ ಓಡಿಸಿ ನೋಡುವ ಸ್ಲೈಡರ್ ಇವು ಮಾಡುವುದು ಆ ಗುರುತಿಸುವ ಕೆಲಸವನ್ನೇ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಏನು ಸೇರಿಸಿದರು, ಏನು ಅಳಿಸಿದರು ಎಲ್ಲವೂ ಅಲ್ಲಿ ಉಳಿದಿರುತ್ತದೆ.

ಈ ಇತಿಹಾಸವನ್ನು ಓದುವುದರಲ್ಲಿ ಎಚ್ಚರ ಬೇಕು. ಪದ ಎಣಿಸಿ ಅಂಕ ಕೊಟ್ಟರೆ ಅನ್ಯಾಯವಾಗುತ್ತದೆ. ಬೇಡದ ನಾಲ್ಕು ಸಾಲು ತೆಗೆದು, ಎರಡು ಪ್ಯಾರಾಗಳ ಜಾಗ ಅದಲು ಬದಲು ಮಾಡಿದ ಹುಡುಗಿಯ ಹೆಸರಿನಲ್ಲಿ ಹೊಸ ಪದಗಳು ಬಹಳ ಕಡಿಮೆ ಇರಬಹುದು. ಆದರೆ ಬರಹವನ್ನು ಗಟ್ಟಿಯಾಗಿ ನಿಲ್ಲುವಂತೆ ಮಾಡಿದವಳು ಅವಳೇ. ಇಬ್ಬರು ಒಂದೇ ಕಂಪ್ಯೂಟರ್ ಹಂಚಿಕೊಂಡಿದ್ದರೆ ಒಬ್ಬ ಹೇಳಿ ಇನ್ನೊಬ್ಬ ಟೈಪ್ ಮಾಡಿರುತ್ತಾನೆ, ಇತಿಹಾಸದಲ್ಲಿ ಒಂದೇ ಖಾತೆ ಕಾಣುತ್ತದೆ. ಇನ್ನು ಇಡೀ ಪ್ಯಾರಾ ಒಂದೇ ಏಟಿಗೆ ಪುಟಕ್ಕೆ ಬಂದು ಬಿದ್ದರೆ ನಕಲಿನ ಅಥವಾ ಚಾಟ್‌ಜಿಪಿಟಿಯ ಅನುಮಾನ ಸಹಜ. ಆದರೆ ನೆಟ್‌ವರ್ಕ್ ಇಲ್ಲದ ಮನೆಯಲ್ಲಿ ಮಗು ಬೇರೆಡೆ ಬರೆದಿಟ್ಟುಕೊಂಡು ಆಮೇಲೆ ಅಂಟಿಸಿದ್ದಿರಬಹುದು. ಇತಿಹಾಸದಲ್ಲಿ ಕಂಡದ್ದನ್ನು ಮಗುವಿನೊಂದಿಗೆ ಮಾತಿಗೆ ಕೂರಲು ಬಳಸಬೇಕು, ಅದರ ಮೇಲೆಯೇ ತೀರ್ಪು ಕೊಡಬಾರದು. ಗುಂಪಿನ ಬರಹಕ್ಕೆ ಒಂದಿಷ್ಟು ಅಂಕ, ಪ್ರತಿ ಮಗುವಿನ ಪಾಲಿಗೆ ಒಂದಿಷ್ಟು, ಜೊತೆಗೆ ‘ಮೊದಲ ಕರಡಿನಿಂದ ಕೊನೆಯದಕ್ಕೆ ಏನು ಬದಲಾಯಿತು, ಏಕೆ’ ಎಂದು ಪ್ರತಿಯೊಬ್ಬರೂ ಕೈಬರಹದಲ್ಲಿ ಬರೆಯುವ ಅರ್ಧ ಪುಟಕ್ಕೆ ಒಂದಿಷ್ಟು ಎಂದು ಹಂಚಿದರೆ ಯಾರಿಗೂ ಅನ್ಯಾಯವಾಗದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಪೆನ್ನು ಕಾಗದದ್ದೇ ಆಗಿರುವಾಗ ಆ ಅರ್ಧ ಪುಟದ ಕೈಬರಹ ಬೇಕೇ ಬೇಕು.

ತರಗತಿಯ ಗೋಡೆಯಾಚೆಗೆ ಓದುಗರಿರುವ ಬರವಣಿಗೆ ಎಂದರೆ ವಿಕಿಪೀಡಿಯ. ಅದಕ್ಕೆ ವಿದ್ಯಾರ್ಥಿಗಳಿಂದ ಬರೆಸುವ ಭಾರತದ ಮೊದಲ ದೊಡ್ಡ ಪ್ರಯತ್ನ ಮುಗ್ಗರಿಸಿತು. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸಲು ವಿಕಿಮೀಡಿಯ ಫೌಂಡೇಶನ್ ಮುಂದಾಯಿತು. ಪಠ್ಯಪುಸ್ತಕಗಳಿಂದ, ಜಾಲತಾಣಗಳಿಂದ ಎತ್ತಿದ ಭಾಗಗಳು ರಾಶಿ ರಾಶಿಯಾಗಿ ಬಂದು ಬಿದ್ದು, ಅವನ್ನು ಹುಡುಕಿ ತೆಗೆಯುವ ಹೊರೆ ದೂರದ ಸ್ವಯಂಸೇವಕರ ಮೇಲೆ ಬಿತ್ತು. ಪ್ರಯೋಗವನ್ನು ಅದೇ ವರ್ಷ ನಿಲ್ಲಿಸಬೇಕಾಯಿತು. ನೋಟ್ಸ್ ಇಳಿಸುವುದನ್ನೇ ಬರವಣಿಗೆ ಎಂದು ಕಲಿತು ಬಂದವರ ಮುಂದೆ ಸಾಧನ ಮಾತ್ರ ಇಟ್ಟರೆ ಹೀಗಾಗುತ್ತದೆ. ಆಧಾರ ಎಂದರೇನು, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುವುದು ಹೇಗೆ, ಇನ್ನೊಬ್ಬರ ಬರಹಕ್ಕೆ ಕಾಪಿರೈಟ್ ಇರುತ್ತದೆ ಎಂಬುದರ ಅರ್ಥವೇನು ಎಂಬ ಪಾಠ ಮೊದಲಾಗಬೇಕಿತ್ತು.

ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ಶುರುವಾದ ಕಾರ್ಯಕ್ರಮ ಬೇರೆ ಹಾದಿ ಹಿಡಿಯಿತು. ಕನ್ನಡ ಮತ್ತಿತರ ಭಾರತೀಯ ಭಾಷೆಗಳನ್ನು ಓದುವ ಪದವಿ ವಿದ್ಯಾರ್ಥಿಗಳು ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಸಂಸ್ಥೆಯ ನೆರವಿನಿಂದ ತಂತಮ್ಮ ಭಾಷೆಯ ವಿಕಿಪೀಡಿಯದಲ್ಲಿ ಬರೆದರು. ವಿದ್ಯಾರ್ಥಿಗಳ ಬರಹ ಮೊದಲು ಅವರವರ ‘ಪ್ರಯೋಗಪುಟ’ದಲ್ಲಿ ಬೆಳೆಯುತ್ತದೆ, ಅಲ್ಲಿ ಎಷ್ಟು ತಪ್ಪಿದರೂ ವಿಶ್ವಕೋಶಕ್ಕೆ ಧಕ್ಕೆಯಿಲ್ಲ. ಅನುಮಾನ ಬಂದರೆ ಕೇಳಲು ಕನ್ನಡ ವಿಕಿಪೀಡಿಯದಲ್ಲಿ ‘ಅರಳಿ ಕಟ್ಟೆ’ ಎಂಬ ಚರ್ಚೆಯ ಪುಟವೇ ಇದೆ. ಶಾಲಾ ಮಟ್ಟದಲ್ಲಿ ಶಿಕ್ಷಕರೇ ಕೂಡಿ ಬರೆದ ಉದಾಹರಣೆಯೂ ಕರ್ನಾಟಕದ್ದೇ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ರೂಪಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ನಡೆಯುವುದು ವಿಕಿಪೀಡಿಯ ಬಳಸುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ. ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಕನ್ನಡ ಶಿಕ್ಷಕರು ಅಲ್ಲಿ ಪಾಠದ ಪುಟಗಳನ್ನು ಕಟ್ಟಿದ್ದಾರೆ. ಮಕ್ಕಳಿಂದ ಕೂಡಿ ಬರೆಸುವ ಮುನ್ನ ಶಿಕ್ಷಕರು ತಾವೇ ಒಮ್ಮೆ ಹಾಗೆ ಬರೆದು ನೋಡಿದ್ದರೆ, ತನ್ನ ವಾಕ್ಯವನ್ನು ಇನ್ನೊಬ್ಬರು ಅಳಿಸಿದಾಗ ಆಗುವ ಕಸಿವಿಸಿ ಎಂಥದೆಂದು ಅವರಿಗೆ ಗೊತ್ತಿರುತ್ತದೆ.

ಕನ್ನಡದಲ್ಲಿ ಈ ಕೆಲಸಕ್ಕೆ ಒಂದೆರಡು ತೊಡಕುಗಳಿವೆ. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತಗಳು ಶಾಲೆಗಳಲ್ಲಿ ಇನ್ನೂ ಇವೆ. ಅವುಗಳಿಂದ ನಕಲಿಸಿ ಆನ್‌ಲೈನ್ ಪುಟಕ್ಕೆ ಹಾಕಿದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೋಜಲು. ಪರಿವರ್ತಕದಿಂದ ಯೂನಿಕೋಡಿಗೆ ತಂದುಕೊಳ್ಳಬೇಕು. ಟೈಪಿಂಗ್ ಇನ್ನೊಂದು ತೊಡಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳಿಂದ ಆದದ್ದು, ಹೊಸಬರಿಗೆ ಒತ್ತಕ್ಷರವೆಂದರೆ ಸಾಕಾಗಿಹೋಗುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ಕೆಲವು ಪೀರಿಯಡ್ಡುಗಳಲ್ಲಿ ಅಭ್ಯಾಸ ಮಾಡಿಸಿದ ಮೇಲೆಯೇ ಬರವಣಿಗೆಗೆ ಇಳಿಯಬೇಕು, ಇಲ್ಲದಿದ್ದರೆ ಟೈಪ್ ಮಾಡಬಲ್ಲ ಒಬ್ಬನೇ ಗುಂಪಿನ ಯಜಮಾನನಾಗುತ್ತಾನೆ. ಫೋನಿನಲ್ಲಿ ಧ್ವನಿಯಿಂದ ಬರೆಸುವ ಸೌಲಭ್ಯ ಕನ್ನಡಕ್ಕೂ ಇದೆ. ಹಿರಿಯರ ಮಾತು ದಾಖಲಿಸಲು ಅದು ಒದಗುತ್ತದೆ, ಆದರೆ ವಿರಾಮಚಿಹ್ನೆಗಳನ್ನೂ ತಪ್ಪಾಗಿ ಕೇಳಿಸಿಕೊಂಡ ಪದಗಳನ್ನೂ ಆಮೇಲೆ ಕೈಯಿಂದ ಸರಿಪಡಿಸಲೇಬೇಕು.

ಕಂಪ್ಯೂಟರುಗಳ ಕೊರತೆ ಎಲ್ಲಕ್ಕಿಂತ ದೊಡ್ಡದು. ಹಾಗೆಂದು ಒಂದೇ ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಇರುವ ಶಾಲೆ ಕೈಚೆಲ್ಲಬೇಕಿಲ್ಲ. ಶಿಕ್ಷಕರು ಅಥವಾ ಒಬ್ಬ ವಿದ್ಯಾರ್ಥಿ ಟೈಪ್ ಮಾಡುತ್ತಾ ಇಡೀ ತರಗತಿ ಬಾಯಲ್ಲಿ ಬರೆಸುವುದೂ ಕೂಡುಬರವಣಿಗೆಯೇ. ಸಾಲು ಹುಟ್ಟುವುದನ್ನು, ಅಳಿಯುವುದನ್ನು ಎಲ್ಲರೂ ಪರದೆಯ ಮೇಲೆ ಕಾಣುತ್ತಾರೆ. ನೆಟ್ ಬಂದು ಹೋಗುವ ಕಡೆ ಡಾಕ್ಸ್‌ನ ಆಫ್‌ಲೈನ್ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಟ್ಟರೆ ಬರೆದದ್ದು ಕಂಪ್ಯೂಟರಿನಲ್ಲಿ ಉಳಿದು ಸಂಪರ್ಕ ಸಿಕ್ಕಾಗ ಸೇರಿಕೊಳ್ಳುತ್ತದೆ. ಈಥರ್‌ಪ್ಯಾಡ್ ಮುಕ್ತ ತಂತ್ರಾಂಶವಾದ್ದರಿಂದ ಅದನ್ನು ಲ್ಯಾಬಿನ ಒಂದು ಕಂಪ್ಯೂಟರಿಗೆ ಹಾಕಿ, ಅಂತರಜಾಲವೇ ಇಲ್ಲದೆ, ಒಳಜಾಲದಲ್ಲಿ ನಡೆಸಬಹುದು. ಅದಕ್ಕೆ ಮಕ್ಕಳ ಇಮೇಲ್ ಖಾತೆಯೂ ಬೇಡ.

ಖಾತೆಯ ವಿಚಾರದಲ್ಲಿ ಶಾಲೆಗಳು ಈಗಿರುವುದಕ್ಕಿಂತ ಹೆಚ್ಚು ಕಾಳಜಿ ವಹಿಸಬೇಕು. ಭಾರತದಲ್ಲಿ 13 ವರ್ಷ ತುಂಬದ ಮಗು ತಾನೇ ಗೂಗಲ್ ಖಾತೆ ನಡೆಸುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಗುವಿಗೆ ಸುಳ್ಳು ಹುಟ್ಟಿದ ದಿನ ಹಾಕಿ ಖಾತೆ ಮಾಡಿಕೊಡುವ ಬದಲು, ಶಾಲೆಯ ಹೆಸರಿನಲ್ಲಿ ಪಡೆದ ಶಿಕ್ಷಣ ಖಾತೆಗಳನ್ನು ಪೋಷಕರಿಗೆ ತಿಳಿಸಿ ಬಳಸುವುದು ನೇರವಾದ ದಾರಿ. ‘ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು’ ಎಂಬ ಆಯ್ಕೆ ಸುಲಭ, ಆದರೆ ಆ ಲಿಂಕ್ ಒಂದು ವಾಟ್ಸ್ಆ್ಯಪ್ ಗುಂಪಿನಿಂದ ಇನ್ನೊಂದಕ್ಕೆ ಹೋದರೆ ಪುಟ ಊರಿಗೆಲ್ಲ ತೆರೆದಂತೆ. ತಿದ್ದುವ ಹಕ್ಕನ್ನು ಗುಂಪಿನ ಸದಸ್ಯರಿಗೆ ಮಾತ್ರ ಕೊಟ್ಟು, ಬೇರೆ ಗುಂಪಿನವರಿಗೆ ಕಾಮೆಂಟ್ ಮಾಡುವ ಹಕ್ಕು ಕೊಟ್ಟರೆ ಸಾಕು. ಮಕ್ಕಳ ಫೋನ್ ನಂಬರು, ವಿಳಾಸ ಯಾವ ಪುಟದಲ್ಲೂ ಇರಬಾರದು.

ಶಾಲೆ ಬಿಡುವಾಗ ಶಾಲೆಯ ಖಾತೆ ಮುಚ್ಚುತ್ತದೆ, ಅದರ ಜೊತೆ ಮೂರು ವರ್ಷದ ಬರಹವೂ ಮಗುವಿನ ಕೈತಪ್ಪುತ್ತದೆ. ವರ್ಷದ ಕೊನೆಗೆ ಪ್ರತಿ ಗುಂಪಿನ ಬರಹವನ್ನು ಪಿಡಿಎಫ್ ಮಾಡಿ ಎಲ್ಲ ಸದಸ್ಯರಿಗೂ ಕೊಡುವುದು, ಮೊದಲ ಕರಡಿನ ಒಂದು ಪ್ರತಿಯನ್ನೂ ಅದರ ಜೊತೆಗಿಡುವುದು, ಕೆರೆಯಂಥ ಊರಿನ ವಿಷಯವಾದರೆ ಮಕ್ಕಳ ಮತ್ತು ಪೋಷಕರ ಒಪ್ಪಿಗೆ ಪಡೆದು ಒಂದು ಮುದ್ರಿತ ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೂ ಇನ್ನೊಂದನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ಸೇರಿಸುವುದು ಶಿಕ್ಷಕರ ವಾರ್ಷಿಕ ಯೋಜನೆಯಲ್ಲೇ ಇರಬೇಕು.